ನನ್ನ ಅಳತೆಯ ಕೋಟು

ನಮ್ಮ ಹೋಟೆಲಿನಲ್ಲಿ ಯಾರು ಎಷ್ಟು ದೊಡ್ಡವರು ಎಂದು ತಿಳಿಯಲು ಮುಖ ನೋಡಬೇಕಾಗಿಲ್ಲ. ಅವರ ಬಟ್ಟೆ ಅವರ ಕೈಗೆ ಹೇಗೆ ತಲುಪುತ್ತದೆ ಎಂದು ನೋಡಿದರೆ ಸಾಕು. ವೇಟರು, ಅಡುಗೆಯವರು, ಕೋಣೆ ಗುಡಿಸುವವರು ನಮ್ಮ ಕಿಟಕಿಯ ಮುಂದೆ ಸಾಲು ನಿಂತು, ಕೊಳೆಯಾದ ಜೊತೆ ಒಳಗೆ ಕೊಟ್ಟು, ಒಗೆದ ಜೊತೆ ಈಸಿಕೊಳ್ಳುತ್ತಾರೆ. ಮ್ಯಾನೇಜರುಗಳು ಕಿಟಕಿಗೆ ಬರುವುದಿಲ್ಲ. ಅವರ ಕಪ್ಪು ಕೋಟು ಹ್ಯಾಂಗರಿನಲ್ಲಿ ತೂಗಿಕೊಂಡು, ಪ್ಲಾಸ್ಟಿಕ್ ಹೊದ್ದುಕೊಂಡು, ತಾನೇ ಅವರ ಕ್ಯಾಬಿನ್ನಿಗೆ ಹೋಗುತ್ತದೆ.

ಮುಂಬಯಿಯ ಅಂಧೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಹತ್ತಿರದ ಈ ಹೋಟೆಲಿನ ಯೂನಿಫಾರ್ಮ್ ರೂಮಿಗೆ ನಾನು ಸೇರಿ ಹತ್ತೊಂಬತ್ತು ವರ್ಷವಾಯಿತು. ನೆಲಮಾಳಿಗೆಯ ಉದ್ದನೆಯ ಕೋಣೆ; ಒಂದು ಕಡೆ ಬಟ್ಟೆಯ ಸಾಲು, ಇನ್ನೊಂದು ಕಡೆ ಹಬೆಯ ಇಸ್ತ್ರಿ ಮೇಜುಗಳು, ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರ. ನಾನು ಮಂಡ್ಯದ ಒಬ್ಬ ದರ್ಜಿಯ ಮಗಳು. ನಮ್ಮಪ್ಪ ಹೊಲಿಯುತ್ತಿದ್ದುದು ಹೆಚ್ಚಾಗಿ ವಕೀಲರ ಕೋಟು. ಹಾಗಾಗಿ ಕೋಟಿನ ಹೆಗಲು ಎಲ್ಲಿ ಮುಗಿಯಬೇಕು, ಕಾಲರು ಕತ್ತಿಗೆ ಹೇಗೆ ಅಂಟಬೇಕು ಎನ್ನುವುದು ನನಗೆ ಓದು ಬರಹಕ್ಕಿಂತ ಮೊದಲೇ ಗೊತ್ತಿತ್ತು. ಮದುವೆಯಾಗಿ ದಾದರಿನ ಚಾಲಿನ ಒಂದು ಕೋಣೆಯ ಮನೆಗೆ ಬಂದ ಮೇಲೆ ಆ ವಿದ್ಯೆ ಇಲ್ಲಿ ಅನ್ನಕ್ಕೆ ದಾರಿಯಾಯಿತು. ಬಾಗಿಲ ಬಳಿ ನಿಲ್ಲುವ ದರ್ಬಾನನ ಫೇಟಾ ಕಟ್ಟುವುದು, ಮುಂದಿನ ಕೌಂಟರಿನ ಹುಡುಗಿಯರ ರೇಷ್ಮೆ ಸೀರೆಗೆ ನೆರಿಗೆ ಹಿಡಿದು ಪಿನ್ ಹಾಕುವುದು, ಹೊಸ ವೇಟರುಗಳಿಗೆ ಕತ್ತಿಗೆ ಬೋ ಟೈ ಕಟ್ಟಲು ಕಲಿಸುವುದು, ಎಲ್ಲವೂ ನನ್ನ ಪಾಲಿಗೆ ಬಂದವು.

ಐದು ವರ್ಷದ ಹಿಂದೆ ನಮ್ಮ ಹಳೆಯ ಮ್ಯಾನೇಜರ್ ಬಾಯಿ ನಿವೃತ್ತರಾದರು. ಮರಾಠಿ ಹೆಂಗಸು, ನಾವೆಲ್ಲ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದೆವು. ಇಸ್ತ್ರಿ ಮೇಜಿನಿಂದ ಶುರುಮಾಡಿ ಮೇಲೆ ಬಂದವರು. ಕೊನೆಯ ತಿಂಗಳು ನನ್ನನ್ನು ಪಕ್ಕಕ್ಕೆ ಕರೆದು, "ನಿನ್ನ ವಿಷಯ ಮೇಲೆ ಹೇಳಿದ್ದೇನೆ. ಈ ಕೋಣೆಯ ಕೆಲಸ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದು ಹಿಂದಿಯಲ್ಲಿ ಹೇಳಿದರು. ನಾನು ನಂಬಿದೆ. ಸುಮ್ಮನೆ ನಂಬಲಿಲ್ಲ, ತಯಾರಿಯನ್ನೂ ಮಾಡಿಕೊಂಡೆ. ಲೈನಿಂಗಿನ ಒಳಬಟ್ಟೆ ಹರಿದು ಲೆಕ್ಕದಿಂದ ತೆಗೆದುಹಾಕಿದ್ದ ಹೆಂಗಸರ ಕಪ್ಪು ಕೋಟೊಂದು ಗೋದಾಮಿನಲ್ಲಿ ಬಿದ್ದಿತ್ತು. ಬಾಯಿಯನ್ನು ಕೇಳಿ ಅದನ್ನು ತೆಗೆದುಕೊಂಡೆ. ಊಟದ ವೇಳೆಯಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಅದನ್ನು ಬಿಚ್ಚಿ, ಹೆಗಲು ಇಳಿಸಿ, ಹೊಸ ಒಳಬಟ್ಟೆ ಕೊಟ್ಟು ನನ್ನ ಅಳತೆಗೆ ತಂದೆ. ಇಸ್ತ್ರಿ ಮಾಡಿ ಒಂದೇ ಒಂದು ಸಲ ಹಾಕಿಕೊಂಡು ಕನ್ನಡಿ ನೋಡಿದೆ. ನಮ್ಮ ಬೂದು ಬಣ್ಣದ ಕುರ್ತಾ ಪ್ಯಾಂಟಿನ ಮೇಲೆಯೂ ಅದು ಚೆನ್ನಾಗಿಯೇ ಕಂಡಿತು. ಕವರು ಹಾಕಿ ಕಪಾಟಿನ ಕೊನೆಯಲ್ಲಿ ತೂಗುಹಾಕಿದೆ. ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಬಾಯಿ ಹೋದ ಎರಡು ವಾರಕ್ಕೆ ಹೊಸ ಮ್ಯಾನೇಜರ್ ಬಂದಳು. ಇಪ್ಪತ್ತೆಂಟು ವರ್ಷ ಇರಬಹುದು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು, ಮೊದಲು ಇದ್ದದ್ದು ಎಲ್ಲೋ ಟ್ರೈನಿಂಗ್ ಆಫೀಸಿನಲ್ಲಿ. ನನ್ನ ಬ್ಯಾಡ್ಜ್ ಮೇಲಿದ್ದ ಹೆಸರು ನೋಡಿದ ಕೂಡಲೇ ಅವಳ ಮುಖ ಅರಳಿತು.

"ನೀವು ಕನ್ನಡ ಅಲ್ವಾ ಆಂಟಿ? ನಮ್ಮದು ಬೆಂಗಳೂರು. ಮತ್ಲಬ್, ಅಮ್ಮ ಅಪ್ಪ ಬೆಂಗಳೂರು. ನಾನು ಇಲ್ಲೇ ಹುಟ್ಟಿದ್ದು. ನಂಗೆ ಥೋಡಾ ಥೋಡಾ ಬರತ್ತೆ."

ಬೇರೆ ಯಾರಾದರೂ ಬಂದಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ. ನಮ್ಮವಳೇ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಸೂಜಿಗೆ ದಾರ ಪೋಣಿಸಲೂ ಬಾರದವಳು, ಬಂದ ಮೊದಲ ಗಳಿಗೆಯಲ್ಲೇ ನನ್ನನ್ನು ಆಂಟಿ ಎಂದಳು. ನಾನು "ಹೌದು ಮೇಡಂ" ಎಂದೆ.

ಅಂದೇ ಹನ್ನೊಂದು ಗಂಟೆಗೆ ಜನರಲ್ ಮ್ಯಾನೇಜರ್ ಎಲ್ಲ ವಿಭಾಗದವರಿಗೂ ಅವಳ ಪರಿಚಯ ಮಾಡಿಕೊಡುವವರಿದ್ದರು. ಅವಳಿಗಾಗಿ ಹೊಲಿಯಲು ಹಾಕಿದ್ದ ಕೋಟು ಬಂದಿರಲಿಲ್ಲ. ಕೋಟಿಲ್ಲದೆ ಆ ಸಭೆಗೆ ಹೋಗುವ ಪದ್ಧತಿಯೇ ನಮ್ಮಲ್ಲಿಲ್ಲ. ಅವಳು ಕಪಾಟಿನ ಸಾಲನ್ನು ಒಂದೊಂದಾಗಿ ಸರಿಸುತ್ತ ಹೋಗಿ ಕೊನೆಯಲ್ಲಿ ನಿಂತಳು. ಕವರು ತೆಗೆದಳು. ಹಾಕಿಕೊಂಡಳು.

"ಅರೆ, ಇದು ಎಷ್ಟು ಚೆನ್ನಾಗಿದೆ. ಯಾರ್ದು ಆಂಟಿ?"

ಇಸ್ತ್ರಿ ಮೇಜಿನಲ್ಲಿದ್ದ ವಿಜಯಪುರ ಕಡೆಯ ಅಣ್ಣ ತಲೆಯೆತ್ತಿ ನನ್ನನ್ನೇ ನೋಡಿದ. ಅವನಿಗೆ ಗೊತ್ತಿತ್ತು ಎಂದು ನನಗೆ ಆಗಲೇ ತಿಳಿದದ್ದು.

"ಯಾರದ್ದೂ ಅಲ್ಲ ಮೇಡಂ" ಎಂದೆ.

"ಸೈಡಲ್ಲಿ ಸ್ವಲ್ಪ ಲೂಸ್ ಇದೆ. ಹನ್ನೊಂದರೊಳಗೆ ಆಗತ್ತಾ?"

ಆಯಿತು. ನಾನೇ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ, ನಾನೇ ಎರಡು ಪಕ್ಕ ಒಳಗೆ ಹಿಡಿದು ಹೊಲಿದೆ. ಸಾಮಾನ್ಯವಾಗಿ ಹಾಗೆ ಹಿಡಿದಾಗ ಹೆಚ್ಚಾದ ಬಟ್ಟೆಯನ್ನು ಒಳಗೇ ಬಿಡುತ್ತೇವೆ, ಮುಂದೆ ಯಾವಾಗಲಾದರೂ ಬಿಚ್ಚಿ ಅಗಲಿಸಬಹುದು ಎಂದು. ಅಂದು ನಾನು ಕತ್ತರಿ ತೆಗೆದುಕೊಂಡು ಅದನ್ನು ಕತ್ತರಿಸಿಬಿಟ್ಟೆ. ಇನ್ನು ಅದು ನನಗೆ ಎಂದೂ ಆಗುವಂತಿರಲಿಲ್ಲ. ಯಾರ ಮೇಲಿನ ಸಿಟ್ಟಿಗೆ ಹಾಗೆ ಮಾಡಿದೆನೋ, ಅವಳ ಮೈಮೇಲೆ ಅದು ಎರಕ ಹೊಯ್ದಂತೆ ಕುಳಿತು ಮೇಲಕ್ಕೆ ಹೋಯಿತು.

ಸಂಜೆ ಮನೆಯಲ್ಲಿ ಗಂಡನ ಮುಂದೆ ಹೇಳಿಕೊಂಡೆ. ಅವರು ಪರೇಲಿನ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರು.

"ಬಟ್ಟೆ ಉದ್ದಕ್ಕೆ ಹಿಡೀಬೇಕಾ ಅಡ್ಡಕ್ಕೆ ಹಿಡೀಬೇಕಾ ಗೊತ್ತಿಲ್ಲ ಅವಳಿಗೆ. ಅಂಥವಳು ನಂಗೆ ಕೆಲಸ ಹೇಳ್ಬೇಕಾ?" ಎಂದೆ.

"ನಮ್ಮ ರೂಮಿಗೆ ಬಂದಿರೋ ಆಫೀಸರಿಗೆ ಫೈಲು ಕಟ್ಟೋಕೂ ಬರಲ್ಲ ಕಣೇ. ಅದಕ್ಕೆ ನಾನೇನು ಊಟ ಬಿಟ್ಟಿದ್ದೀನಾ?"

"ನೀವು ಆ ಕುರ್ಚಿಗೆ ಆಸೆ ಪಟ್ಟಿರ್ಲಿಲ್ಲ."

ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಅವಳು ಪ್ರಶ್ನೆ ಕೇಳುತ್ತಿದ್ದಳು, ಅದೇ ಅವಳ ಕೆಲಸವೇನೋ ಎನ್ನುವಂತೆ. ಕಾಲರಿಗೆ ನಂಬರು ಯಾಕೆ ಹೊಲಿಯುತ್ತೀರಿ, ಅಡುಗೆಯವರ ಕೋಟಿಗೆ ಗುಂಡಿ ಎರಡು ಸಾಲು ಯಾಕೆ, ಕೌಂಟರಿನ ಹುಡುಗಿಯರಿಗೆ ಸೀರೆಯೇ ಯಾಕೆ ಬೇಕು, ದರ್ಬಾನನ ಫೇಟಾವನ್ನು ಹೊಲಿದು ಇಟ್ಟುಬಿಟ್ಟರೆ ಟೋಪಿಯ ಹಾಗೆ ಹಾಕಿಕೊಳ್ಳಬಹುದಲ್ಲ. ಕೊನೆಯದಕ್ಕೆ ನಾನು, "ಕಟ್ಟಿದ ಫೇಟಾಕ್ಕೂ ಹೊಲಿದಿಟ್ಟದ್ದಕ್ಕೂ ಬಂದ ಅತಿಥಿಗೆ ವ್ಯತ್ಯಾಸ ಗೊತ್ತಾಗತ್ತೆ ಮೇಡಂ" ಎಂದು ಸ್ವಲ್ಪ ಖಾರವಾಗಿಯೇ ಹೇಳಿದೆ. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಕೇಳಿ ಬರೆದುಕೊಂಡು, ಮಾರನೆಯ ದಿನ ಮೀಟಿಂಗಿನಲ್ಲಿ ತನ್ನದೇ ತಿಳಿವಳಿಕೆ ಎಂಬಂತೆ ಹೇಳುತ್ತಾಳೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಹಾಗೆ ಅವಳು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಇಸ್ತ್ರಿ ಮೇಜಿನ ಹತ್ತಿರ ಬಂದು ನಿಂತಳು. ಸುಮಾರು ಹತ್ತು ನಿಮಿಷ ನಿಂತಿರಬಹುದು. ಮುಖ ಕೆಂಪಗಾಗಿ ಬೆವರಿಳಿಯಿತು.

"ಇಲ್ಲಿ ಗಾಳೀನೇ ಇಲ್ಲ. ನೀವೆಲ್ಲ ದಿನಾ ಹೇಗೆ ನಿಂತ್ಕೋತೀರಿ?" ಎಂದು ವಿಜಯಪುರದ ಅಣ್ಣನನ್ನು ಕೇಳಿದಳು.

"ರೂಢಿ ಆಗೇತ್ರಿ ಮೇಡಂ" ಎಂದ ಅವನು.

ನನಗೆ ನಗು ಬಂತು. ಹಬೆ ಇಲ್ಲದ ಇಸ್ತ್ರಿ ಕೋಣೆ ಎಲ್ಲಿದೆ? ಹಿಂದೆ ಒಬ್ಬ ಹೆಂಗಸು ತಲೆಸುತ್ತಿ ಕುಸಿದಾಗ ಹಳೆಯ ಬಾಯಿ, "ನಾನು ಇದೇ ಜಾಗದಲ್ಲಿ ಹತ್ತು ವರ್ಷ ನಿಂತಿದ್ದೇನೆ, ಸತ್ತುಹೋದೆನಾ?" ಎಂದು ಕೇಳಿದ್ದರು. ನಾನೂ ಹೊಸಬರಿಗೆ ಹೆಚ್ಚು ಕಡಿಮೆ ಅದನ್ನೇ ಹೇಳುತ್ತ ಬಂದಿದ್ದೆ. ಆದರೆ ಆ ಹುಡುಗಿ ಬಿಡಲಿಲ್ಲ. ಮೇಲಿನವರಿಗೆ ಬರೆದಳು, ಇಂಜಿನಿಯರನ್ನು ಕರೆತಂದು ತೋರಿಸಿದಳು. ಎರಡು ತಿಂಗಳಲ್ಲಿ ಹಬೆ ಹೊರಗೆ ಎಳೆಯುವ ದೊಡ್ಡ ಫ್ಯಾನು ಎರಡು ಬಂದವು, ಮೇಜಿಗೊಂದು ಎತ್ತರದ ಸ್ಟೂಲು ಬಂತು.

ವಿಜಯಪುರದ ಅಣ್ಣ ಸ್ಟೂಲಿನ ಮೇಲೆ ಕೂತು, ಅಂಗಿಯ ತೋಳು ಇಸ್ತ್ರಿ ಮಾಡುತ್ತ ನನಗೆ ಹೇಳಿದ: "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಬಾಯಿ ಅವರಿಗೆ ಕೆಲಸ ಬರತಿತ್ತು, ಖರೆ. ಈಕಿಗೆ ಬರೂದಿಲ್ಲ. ಆದ್ರ ನಮ್ಮ ಕಾಲು ನೋಯ್ತಾವು ಅನ್ನೂದು ಈಕಿಗೇ ತಿಳೀತು ನೋಡ್ರಿ."

ಅವನ ಆ ಮಾತು ಎಷ್ಟೋ ದಿನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಹದಿನಾಲ್ಕು ವರ್ಷ ಇಸ್ತ್ರಿಯವರ ಜೊತೆ ಡಬ್ಬಿ ಹಂಚಿಕೊಂಡು ಉಂಡವಳು ನಾನು. ಅವರ ಮಕ್ಕಳಿಗೆ ಶಾಲೆಯ ಸಮವಸ್ತ್ರ ಸುಮ್ಮನೆ ಹೊಲಿದುಕೊಟ್ಟವಳು ನಾನು. ಫ್ಯಾನು ಬೇಕು ಎಂದು ನನಗೇಕೆ ಹೊಳೆಯಲಿಲ್ಲ ಎನ್ನುವ ಪ್ರಶ್ನೆ ಆಗ ಬರಲಿಲ್ಲ. ಅವಳಿಗೆ ಯಾಕೆ ಆ ಹೆಸರು ಹೋಗಬೇಕು ಎನ್ನುವುದೊಂದೇ ಬಂತು.

ಆ ಚಳಿಗಾಲದಲ್ಲಿ ಒಂದು ದೊಡ್ಡ ಮದುವೆ ನಮ್ಮ ಹೋಟೆಲಿನಲ್ಲಿ ನಿಶ್ಚಯವಾಯಿತು. ಬಡಿಸುವವರೆಲ್ಲ ತಿಳಿನೀಲಿ ಬಂದ್‌ಗಲಾ ಹಾಕಬೇಕು ಎಂದು ಹುಡುಗಿಯ ಮನೆಯವರು ಕೇಳಿದ್ದರು. ಕತ್ತಿನವರೆಗೆ ಗುಂಡಿ ಹಾಕುವ ಆ ಕೋಟುಗಳು ನಲವತ್ತು ಬೇಕು, ದಿನ ಕಡಿಮೆ. ನಮ್ಮ ಮ್ಯಾನೇಜರ್ ಹೊರಗಿನ ದರ್ಜಿಗೆ ಕೊಟ್ಟಿದ್ದಳು. ಅವನು ಮಾದರಿಗೆ ಒಂದನ್ನು ಹೊಲಿದು ತಂದು, "ಒಳಬಟ್ಟೆ ನೆನೆಸಿ ಒಣಗಿಸೋಕೆ ಹೋದರೆ ಎರಡು ದಿನ ಜಾಸ್ತಿ ಹಿಡಿಯುತ್ತೆ ಮೇಡಂ, ಹಾಗೇ ಹೊಲಿದುಬಿಡಲಾ?" ಎಂದು ಕೇಳಿದ. ನಾನು ಯಂತ್ರದ ಮುಂದೆ ಕೂತಿದ್ದೆ. ಅವಳು "ಚಲೇಗಾ, ಟೈಮ್ ಇಲ್ಲ" ಎಂದಳು. ಆಮೇಲೆ ಕೋಟನ್ನು ನನ್ನ ಕೈಗೆ ಕೊಟ್ಟು, "ಹೊಲಿಗೆ ಚೆನ್ನಾಗಿದೆ ಅಲ್ವಾ ಆಂಟಿ?" ಎಂದಳು.

ಒಳಗೆ ಕೈ ಹಾಕಿದ ಕೂಡಲೇ ತಿಳಿಯಿತು. ನೀರು ಕಾಣದ ಹತ್ತಿಯ ಒಳಬಟ್ಟೆ, ಗಂಜಿಯ ಬಿಗಿ ಹಾಗೇ ಇತ್ತು. ಒಂದು ಸಲ ಒಗೆತಕ್ಕೆ ಹೋದರೆ ಒಳಬಟ್ಟೆ ಕುಗ್ಗುತ್ತದೆ, ಮೇಲಿನ ಬಟ್ಟೆ ಕುಗ್ಗುವುದಿಲ್ಲ, ಕೋಟು ಒಣಮೆಣಸಿನಕಾಯಿಯ ಹಾಗೆ ಸುರುಟಿಕೊಳ್ಳುತ್ತದೆ. ನಮ್ಮಪ್ಪನ ಅಂಗಡಿಯಲ್ಲಿ ಹತ್ತು ವರ್ಷದ ಮಗುವಿಗೂ ಇದು ಗೊತ್ತಿತ್ತು.

"ಹೊಲಿಗೆ ಚೆನ್ನಾಗಿದೆ ಮೇಡಂ" ಎಂದೆ.

ಸುಳ್ಳೇನೂ ಹೇಳಲಿಲ್ಲ. ಹೊಲಿಗೆ ಚೆನ್ನಾಗಿಯೇ ಇತ್ತು.

ನಲವತ್ತೂ ಬಂದವು. ಬಡಿಸುವವರು ಎರಡು ದಿನ ಅದರಲ್ಲೇ ಅಭ್ಯಾಸ ಮಾಡಿದರು, ಬೆವರಾಯಿತು, ಕೋಟುಗಳು ಒಗೆಯಲು ಹೋದವು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಲಾಂಡ್ರಿಯಿಂದ ಗಾಡಿ ತಳ್ಳಿಕೊಂಡು ಬಂದಾಗ ನಾನು ನೋಡದೆಯೇ ಹೇಳಬಹುದಿತ್ತು. ಕೆಳ ಅಂಚು ಒಳಗೆ ಮಡಚಿಕೊಂಡಿತ್ತು, ತೋಳು ಮಣಿಕಟ್ಟಿನಿಂದ ಮೇಲೆ ಹೋಗಿತ್ತು. ಒಬ್ಬ ವೇಟರ್ ಹಾಕಿಕೊಂಡು ತಟ್ಟೆ ಎತ್ತುವ ಹಾಗೆ ಕೈ ಎತ್ತಿದ. ಬೆನ್ನ ಮೇಲೆ ಬಟ್ಟೆ ಬಿಗಿದುಕೊಂಡು ಕೈ ಅರ್ಧಕ್ಕೇ ನಿಂತಿತು.

ಅವಳ ಮುಖ ಬಿಳಚಿಕೊಂಡಿತು. ಆಗ ನನಗೆ ಸಂತೋಷವಾಯಿತು. ಮುಚ್ಚಿಟ್ಟು ಬರೆದರೆ ಇದನ್ನು ಬರೆದು ಪ್ರಯೋಜನವಿಲ್ಲ. ಹಬ್ಬದ ದಿನ ಹೊಸ ಬಟ್ಟೆ ಉಟ್ಟ ಹಾಗೆ ಒಂದು ಗಳಿಗೆ ಮೈ ಹಗುರವಾಯಿತು.

ಜನರಲ್ ಮ್ಯಾನೇಜರೇ ಕೆಳಗೆ ಇಳಿದು ಬಂದರು. ಎಲ್ಲರ ಮುಂದೆ ಕೇಳಿದರು, ಇದು ಯಾರ ತಪ್ಪು, ಲಾಂಡ್ರಿಯವರದ್ದೋ ದರ್ಜಿಯದ್ದೋ ಎಂದು. ಅವಳು ಯಾರ ಕಡೆಗೂ ತಿರುಗದೆ ಹೇಳಿದಳು: "ನನ್ನದು ಸರ್. ನೆನೆಸೋದು ಬೇಡ ಅಂತ ದರ್ಜಿಗೆ ನಾನೇ ಹೇಳಿದೆ. ಅದರಿಂದ ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ." ಅವರು ಇಂಗ್ಲಿಷಿನಲ್ಲಿ ಬೈದರು. ಗೊತ್ತಿಲ್ಲದವರು ಈ ಕುರ್ಚಿಯಲ್ಲಿ ಯಾಕೆ ಕೂರಬೇಕು ಎನ್ನುವ ಅರ್ಥದ ಮಾತೂ ಅದರಲ್ಲಿತ್ತು. ವರ್ಷದಿಂದ ನಾನು ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತು ಅದು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅಷ್ಟು ರುಚಿಸಲಿಲ್ಲ.

ಅವರು ಹೋದ ಮೇಲೆ ಅವಳು ನನ್ನ ಯಂತ್ರದ ಹತ್ತಿರ ಬಂದಳು. ಮೆಲ್ಲಗೆ ಕೇಳಿದಳು.

"ಆಂಟಿ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಹೊಲಿಗೆ ಹೇಗಿದೆ ಅಂತ ಕೇಳಿದ್ರಿ. ಬಟ್ಟೆ ಹೇಗಿದೆ ಅಂತ ಕೇಳ್ಲಿಲ್ಲ."

ಅವಳು ಅಳುತ್ತಾಳೆ ಎಂದುಕೊಂಡೆ, ಇಲ್ಲವೇ ಮೇಲೆ ಹೋಗಿ ನನ್ನ ಮೇಲೆ ದೂರು ಕೊಡುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ.

"ಮೊದಲ ದಿನ ಹಾಕ್ಕೊಂಡ ಆ ಕೋಟು ನಿಮ್ಮದು ಅಂತ ನಂಗೆ ಆಮೇಲೆ ಗೊತ್ತಾಯ್ತು. ಇಸ್ತ್ರಿ ಅಂಕಲ್ ಹೇಳಿದ್ರು. ವಾಪಸ್ ಕೊಡಬೇಕು ಅನ್ಕೊಂಡೆ, ಹೇಗೆ ಕೊಡೋದು ಗೊತ್ತಾಗ್ಲಿಲ್ಲ" ಎಂದಳು. ಆಮೇಲೆ, "ಈ ಬಂದ್‌ಗಲಾನ ಸರಿ ಮಾಡೋಕೆ ಆಗತ್ತಾ? ನೀವೇ ಹೇಳಿ, ನಾನು ಮಾಡ್ತೀನಿ."

ಮೇಲಿನ ಬಟ್ಟೆ ಕುಗ್ಗಿರಲಿಲ್ಲವಲ್ಲ, ಅದೊಂದು ದಾರಿ ಇತ್ತು. ಕೆಳ ಅಂಚಿನಲ್ಲಿ, ತೋಳಿನ ತುದಿಯಲ್ಲಿ, ಬೆನ್ನ ನಡುವೆ ಒಳಬಟ್ಟೆಯನ್ನು ಬಿಚ್ಚಿ ಬಿಡಿಸಿ, ಕಡಿಮೆ ಬಿದ್ದಲ್ಲಿ ಪಟ್ಟಿ ಕೊಟ್ಟು ಮತ್ತೆ ಹಿಡಿದರೆ ಕೋಟು ತನ್ನಷ್ಟಕ್ಕೆ ಇಳಿಯುತ್ತದೆ. ನಾನು ಹೇಳಿದೆ. ಅವಳು ತನ್ನ ಕಪ್ಪು ಕೋಟು ಕಳಚಿಟ್ಟು, ನೆಲದ ಮೇಲೆ ಚಾಪೆ ಹಾಕಿ, ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು ಕೂತಳು. ಮೊದಲನೆಯದನ್ನು ಹರಿದಳು. ಎರಡನೆಯದರಲ್ಲಿ ಬೆರಳು ಚುಚ್ಚಿಕೊಂಡಳು. ಹತ್ತನೆಯದರ ಹೊತ್ತಿಗೆ ನಾನು ನೋಡಬೇಕಾಗಿರಲಿಲ್ಲ. ಅವಳು ಬಿಚ್ಚಿದಳು, ನಾನು ಹೊಲಿದೆ, ವಿಜಯಪುರದ ಅಣ್ಣ ಇಸ್ತ್ರಿ ಹಾಕಿದ. ಮಧ್ಯರಾತ್ರಿ ದಾಟಿದ ಮೇಲೆ ಮುಗಿಯಿತು. ಹರಿದುಹೋದ ಒಂದನ್ನು ಬಿಟ್ಟು ಮಿಕ್ಕವೆಲ್ಲ ಮದುವೆಗೆ ಹೋದವು. ಯಾವ ಅತಿಥಿಗೂ ಏನೂ ತಿಳಿಯಲಿಲ್ಲ.

ಇದಾದ ಮೇಲೆ ನನ್ನ ಹೊಟ್ಟೆಕಿಚ್ಚು ಆರಿತು ಎಂದರೆ ಯಾರೂ ನಂಬುವುದು ಬೇಡ. ಅವಳು ನನ್ನನ್ನು ದೂರಲಿಲ್ಲ ಎನ್ನುವುದೇ ಇನ್ನೊಂದು ಉರಿಯಾಯಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ದೂರುತ್ತಿದ್ದೆ. ಕೆಲಸದಲ್ಲಿ ನಾನು ಮೇಲು ಎಂಬ ಒಂದು ಸಮಾಧಾನವಿತ್ತಲ್ಲ, ಈಗ ಅವಳು ಗುಣದಲ್ಲೂ ಮೇಲೆ ಹೋಗಿಬಿಟ್ಟಳು. ಆದರೆ ಅಂದಿನಿಂದ ಅವಳು ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಟ್ಟೆ. ಕೇಳದೇ ಇದ್ದದ್ದನ್ನೂ ಹೇಳಿದೆ. ಬಟ್ಟೆಯನ್ನು ಬೆರಳಿನ ನಡುವೆ ಹೇಗೆ ಉಜ್ಜಿ ನೋಡಬೇಕು, ಬಣ್ಣ ಬಿಡುತ್ತದೋ ಇಲ್ಲವೋ ಎಂದು ಒದ್ದೆ ಕರ್ಚೀಫಿನಿಂದ ಹೇಗೆ ತಿಳಿಯಬೇಕು, ಎಲ್ಲವನ್ನೂ. ಅವಳು ಕಲಿತಳು. ಕನ್ನಡವನ್ನೂ ಸ್ವಲ್ಪ ಕಲಿತಳು, ನನ್ನ ಮಂಡ್ಯದ್ದು ಅರ್ಧ, ಇಸ್ತ್ರಿ ಅಣ್ಣನ ವಿಜಯಪುರದ್ದು ಅರ್ಧ ಸೇರಿದ ಒಂದು ಕನ್ನಡ.

ಮೂರು ವರ್ಷಕ್ಕೆ ಅವಳಿಗೆ ಪುಣೆಯಲ್ಲಿ ಇನ್ನೂ ದೊಡ್ಡ ಕೆಲಸ ಸಿಕ್ಕಿತು. ಹೋಗುವಾಗ ನನ್ನ ಹೆಸರು ಬರೆದುಕೊಟ್ಟು ಹೋದಳು. ಸಂದರ್ಶನಕ್ಕೆ ಕರೆದರು. ಇಬ್ಬರಿದ್ದರು. ಒಬ್ಬರು, "ಈ ಹುದ್ದೆಗೆ ಕೈಕೆಲಸ ಗೊತ್ತಿರಲೇಬೇಕಾ, ನಿಮ್ಮ ಅಭಿಪ್ರಾಯ ಏನು?" ಎಂದು ಕೇಳಿದರು. ಹೌದು ಎನ್ನಲು ಎಷ್ಟೋ ವರ್ಷದಿಂದ ಕಾದಿದ್ದವಳು ನಾನು. ಬಾಯಿಂದ ಬಂದದ್ದು ಬೇರೆ. "ಗೊತ್ತಿದ್ದರೆ ಬಟ್ಟೆ ಹಾಳಾಗಲ್ಲ ಸರ್. ಆದರೆ ಗೊತ್ತಿದ್ದವರಿಗೆ ಕೆಲವು ಕಣ್ಣಿಗೆ ಬೀಳಲ್ಲ. ಹದಿನಾಲ್ಕು ವರ್ಷ ನಂಗೆ ಹಬೆ ಕಾಣಲಿಲ್ಲ" ಎಂದು ಹಿಂದಿಯಲ್ಲಿ ಹೇಳಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ತಿಂಗಳಾದ ಮೇಲೆ ಯೂನಿಫಾರ್ಮ್ ರೂಮನ್ನು ಹೌಸ್‌ಕೀಪಿಂಗ್ ವಿಭಾಗಕ್ಕೇ ಸೇರಿಸಿದರು. ಮ್ಯಾನೇಜರ್ ಹುದ್ದೆಯನ್ನೇ ತೆಗೆದುಹಾಕಿದರು. ನನ್ನನ್ನು ಸೂಪರ್‌ವೈಸರ್ ಎಂದು ಮಾಡಿದರು. ಈಗಲೂ ನಾನು ಬೂದು ಕುರ್ತಾದಲ್ಲೇ ಇದ್ದೇನೆ, ಜೇಬಿನ ಮೇಲೆ ಒಂದು ಬಿಳಿ ಪಟ್ಟಿ ಹೆಚ್ಚಾಗಿದೆ.

ಹೋದ ದಸರಾಕ್ಕೆ ಮುಂಚೆ ದಾದರ್ ಸ್ಟೇಷನ್ನಿನ ಹೊರಗಿನ ಹೂವಿನ ಮಾರ್ಕೆಟ್ಟಿನಲ್ಲಿ ಅವಳು ಸಿಕ್ಕಳು, ಜೊತೆಗೆ ಅವಳ ತಾಯಿ. ತಾಯಿ ನನ್ನ ಕೈ ಹಿಡಿದು, "ನೀವೇನಾ? ನಮ್ಮ ಹುಡುಗಿ ನಿಮ್ಮ ವಿಷಯ ಹೇಳ್ದೇ ಇರೋ ದಿನವೇ ಇಲ್ಲ ಕಣ್ರೀ. ಕೆಲಸ ಕಲಿಸಿದ್ದೇ ನೀವಂತೆ" ಎಂದರು. ನನಗೆ ಕಣ್ಣು ತುಂಬಿ ಬಂತು, ಚೆಂಡು ಹೂವಿನ ರಾಶಿಯ ಕಡೆ ನೋಡಿದೆ.

ಅವಳು ಉತ್ಸಾಹದಿಂದ ಪುಣೆಯ ಸುದ್ದಿ ಹೇಳಿದಳು. "ಆಂಟಿ, ಅಲ್ಲಿ ಒಬ್ಬರು ಸೂಪರ್‌ವೈಸರ್ ಇದ್ದಾರೆ. ಅವರ ಕೈ ಎಷ್ಟು ಚೆನ್ನಾಗಿದೆ ಗೊತ್ತಾ? ಬಂದ್‌ಗಲಾ ಕಾಲರ್ ಹಾಗೆ ಕೂರಿಸೋರನ್ನ ನಾನು ನೋಡೇ ಇಲ್ಲ."

ಕೈಯಲ್ಲಿ ಹಿಡಿದಿದ್ದ ಹೂವಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡೆ.

"ಎಷ್ಟು ವರ್ಷದಿಂದ ಇದ್ದಾರೆ ಅವರು?" ಎಂದು ಕೇಳಿದೆ.

"ಇಪ್ಪತ್ತು ಆಯ್ತಂತೆ."

"ನನಗಿಂತ ಜಾಸ್ತಿ. ಹಾಗಾದ್ರೆ ಸರಿ" ಎಂದು ಹೇಳಿ, ಅವರಿಬ್ಬರನ್ನೂ ಊಟಕ್ಕೆ ಮನೆಗೆ ಕರೆದೆ.